ದೊಡ್ಡಪ್ಪನ ಎದೆಯೊಳಗಿನ ಸೀಟು

ಹದಿನಾರು ವರ್ಷದ ಆ ಹುಡುಗಿಯನ್ನು ಬಂದರಿನಲ್ಲಿ ಎಲ್ಲರೂ ಸಿಡುಕಿ ಎಂದೇ ಕರೆಯುತ್ತಿದ್ದರು. ಸಿಡುಕದೆ ಇನ್ನೇನು ಮಾಡಬೇಕಿತ್ತು? ವರ್ಷಕ್ಕೊಮ್ಮೆ ಸಮುದ್ರದಿಂದ ಮೃಗ ಎದ್ದು ಬಂದಾಗಲೆಲ್ಲ ಅದರ ಜೊತೆ ಗುದ್ದಾಡುತ್ತಿದ್ದವಳು ಅವಳು. ಅದಕ್ಕೆಂದೇ ಕಟ್ಟಿದ್ದು ಹತ್ತು ಮಹಡಿ ಎತ್ತರದ ಉಕ್ಕಿನ ಯಂತ್ರಮಾನವ. ಅದರ ಎದೆಗೂಡಿನಲ್ಲಿ ಕೂತು, ವೈರು ಜೋಡಿಸಿದ ಕೈಗವಸು ತೊಟ್ಟು ಅವಳು ಕೈ ಎತ್ತಿದರೆ ಅದೂ ಎತ್ತುತ್ತಿತ್ತು. ಅದನ್ನು ನಿಲ್ಲಿಸುತ್ತಿದ್ದ ಷೆಡ್ಡಿನ ಕೆಲಸಗಾರರು ಅದಕ್ಕಿಟ್ಟ ಹೆಸರು ದೊಡ್ಡಪ್ಪ. "ಆಳು ದೊಡ್ಡೋನೇ, ಎದೇಲಿ ಮಾತ್ರ ಜಾಗ ಇಲ್ಲ" ಎಂದು ಅವಳು ಗೊಣಗುತ್ತಿದ್ದಳು.

ಜಾಗ ನಿಜಕ್ಕೂ ಇರಲಿಲ್ಲ. ಕಟ್ಟಿದ ಪುಣ್ಯಾತ್ಮರು ಎಂಜಿನ್ನು, ಬ್ಯಾಟರಿ, ಗೇರು ಎಲ್ಲ ತುರುಕಿ, ಉಳಿದ ಸಂದಿಯಲ್ಲಿ ಸೀಟು ಇಟ್ಟಿದ್ದರು. ಅದರಲ್ಲಿ ಮಕ್ಕಳು ಮಾತ್ರ ಹಿಡಿಸುತ್ತಿದ್ದರು. ಇವಳನ್ನು ಹನ್ನೆರಡನೇ ವಯಸ್ಸಿಗೇ ಕೂರಿಸಿದರು. ಮೈ ಬೆಳೆಯಬಾರದೆಂದು ಕ್ಯಾಂಟೀನಿನವನು ಅವಳ ತಟ್ಟೆಗೆ ಅಳೆದು ಬಡಿಸುತ್ತಿದ್ದ. ಬೀದಿ ಗೋಡೆಗಳ ಮೇಲೆಲ್ಲ ಅವಳ ಫೋಟೊ, ಕೊರಳಲ್ಲಿ ಪದಕ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಆದರೂ ಬೆಳೆದಳು. ಬೆಳೆಯದೆ ಇರಲು ಅವಳೇನು ಕಲ್ಲೇ? ಕಳೆದ ವಾರದ ಕಾದಾಟದಲ್ಲಿ ಮೃಗವೇನೋ ಸತ್ತಿತು, ಅವಳ ಮಂಡಿಗಳು ಸೀಟಿನ ಕಬ್ಬಿಣಕ್ಕೆ ಉಜ್ಜಿ ಚರ್ಮ ಸುಲಿದುಹೋಯಿತು.

ಸಂಜೆ ಕುಂಟುತ್ತ ಮನೆಗೆ ಬಂದರೆ ಅಮ್ಮ ಹೊಲಿಗೆ ಮಿಷನ್ನಿನ ಪಕ್ಕ ಮಂಡಿಯೂರಿ ಕೂತಿದ್ದಳು. ಷೆಡ್ಡಿನವರ ಉಡುಪು ಹೊಲಿಯುವುದು ಅವಳ ಕೆಲಸ. ಸಿಡುಕಿ ದೊಡ್ಡಪ್ಪನೊಳಗೆ ಕೂರುವಾಗ ತೊಡುತ್ತಿದ್ದ ಹಳೆಯ ಸೂಟನ್ನೇ ಕತ್ತರಿಸಿ, ತೋಳು ಗಿಡ್ಡ ಮಾಡಿ, ತಂಗಿ ಗುಬ್ಬಿಯ ಮೈಮೇಲೆ ಪಿನ್ನು ಚುಚ್ಚಿ ನೋಡುತ್ತಿದ್ದಳು. ಗುಬ್ಬಿಗೆ ಇನ್ನೂ ಹನ್ನೊಂದು.

"ಇದೇನಮ್ಮ?"

"ಷೆಡ್ಡಿನ ಮುಖ್ಯಸ್ಥರು ಹೇಳಿಕಳಿಸಿದ್ರು. ನಿಂಗೆ ಇನ್ನು ಸೀಟು ಆಗಲ್ವಂತೆ."

"ಅದಕ್ಕೆ ಇವಳಾ?"

"ನಾನೇನು ಮಾಡ್ಲಿ ಹೇಳು. ಅಂಥೋರ ಎದುರು ಬೇಡ ಅಂತ ಹೇಗೆ ಅನ್ನೋದು?"

"ಬಾಯಲ್ಲಿ ಅನ್ನೋದಮ್ಮ. ಬಾಯಲ್ಲಿ."

ಗುಬ್ಬಿ ಕನ್ನಡಿಯ ಮುಂದೆ ಕೈ ಎತ್ತಿ ಇಳಿಸಿ ಮಾಡುತ್ತಿದ್ದಳು. "ಅಕ್ಕಾ, ದೊಡ್ಡಪ್ಪ ನಾನು ಹೇಳಿದ್ರೂ ಕೇಳ್ತಾನಾ?"

ಸಿಡುಕಿಯ ಮೈಯೆಲ್ಲ ಉರಿದುಹೋಯಿತು. ಅಮ್ಮನ ಮೇಲೆ, ಮುಖ್ಯಸ್ಥರ ಮೇಲೆ, ಬೇಡವೆಂದರೂ ಉದ್ದವಾದ ತನ್ನ ಕಾಲುಗಳ ಮೇಲೂ ಸಿಟ್ಟು ಬಂತು. ಊಟ ಮಾಡದೆ ಮಲಗಿದಳು.

ಬೆಳಿಗ್ಗೆ ನೇರ ಮುಖ್ಯಸ್ಥರ ಕೋಣೆಗೆ ನುಗ್ಗಿದಳು.

"ಸೀಟು ದೊಡ್ಡದು ಮಾಡಿಸಿ ಸರ್. ದೊಡ್ಡೋರು ಯಾರಾದ್ರೂ ಕೂರಲಿ."

"ಅದಕ್ಕೆ ಎದೆಗೂಡು ಪೂರ್ತಿ ಬಿಚ್ಚಬೇಕಾಗುತ್ತಮ್ಮ" ಎಂದರು ಮುಖ್ಯಸ್ಥರು, ಟೀ ಊದಿಕೊಳ್ಳುತ್ತ. "ಚೆನ್ನಾಗಿರೋದನ್ನ ಯಾಕೆ ಬಿಚ್ಚೋದು? ನಿನ್ನ ತಂಗಿ ಸರಿಯಾಗಿ ಹಿಡಿಸ್ತಾಳೆ."

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರು ಮಾತಾಡುವುದೇ ಹೀಗೆ, ಮೆತ್ತಗೆ, ನಗುನಗುತ್ತ. ಅವಳು ಷೆಡ್ಡಿಗೆ ಬಂದಳು. ಎದೆಗೂಡಿನ ಬಾಗಿಲು ತೆರೆದು ದೊಡ್ಡಪ್ಪನನ್ನು ಚಾಲೂ ಮಾಡಿದಳು. ಕೈಗವಸುಗಳನ್ನು ವೈರಿನ ಸಮೇತ ಹೊರಗೆಳೆದುಕೊಂಡು, ಎದುರಿನ ಅಟ್ಟಣೆಗೆ ದಾಟಿ ನಿಂತಳು.

"ಎಲ್ರೂ ಆಚೆ ಹೋಗಿ" ಎಂದಳು. ಅವಳ ಸಿಟ್ಟು ಗೊತ್ತಿದ್ದ ಕೆಲಸಗಾರರು ಏನು ಎತ್ತ ಎಂದು ಕೇಳದೆ ಹೊರಗೋಡಿದರು.

ಆಮೇಲೆ ಕೈಗವಸು ತೊಟ್ಟು ಎದೆ ಬಡಿದುಕೊಳ್ಳತೊಡಗಿದಳು. ಎದುರಿಗೆ ದೊಡ್ಡಪ್ಪನೂ ಬಡಿದುಕೊಂಡ. ಮೊದಲ ಏಟಿಗೇ ಎದೆಗೂಡಿನ ಬಾಗಿಲು ಕಿತ್ತು ಬಿತ್ತು. ನಾಲ್ಕು ವರ್ಷದ ಹಸಿವು, ಸಿಟ್ಟು, ಅವಮಾನ ಎಲ್ಲ ಸೇರಿಸಿ ಬಡಿದುಕೊಂಡಳು. ಅವಳ ಎದೆ ನೋಯುತ್ತಿತ್ತು, ಬಿಡಲಿಲ್ಲ. ಸೀಟು ಅಪ್ಪಚ್ಚಿಯಾಗಿ ಹಿಂದಿನ ಎಂಜಿನ್ನಿಗೆ ಅಂಟಿಕೊಂಡ ಮೇಲೆಯೇ ಕೈಗವಸು ಕಳಚಿದಳು.

ಮುಖ್ಯಸ್ಥರು ಏದುಸಿರು ಬಿಡುತ್ತ ಓಡಿಬಂದರು. "ತಲೆಗಿಲೆ ಕೆಟ್ಟಿದೆಯೇನೇ ನಿಂಗೆ? ಮುಂದಿನ ವರ್ಷ ಇನ್ನೊಂದು ಮೃಗ ಬಂದ್ರೆ ಯಾರು ಹೋಗೋರು?"

"ವರ್ಷ ಇದೆಯಲ್ಲ, ಅಷ್ಟರಲ್ಲಿ ಇನ್ನೊಂದು ಸೀಟು ಮಾಡಿಸಿ" ಎಂದಳು ಸಿಡುಕಿ. ಅವಳು ಕಿರುಚಲೂ ಇಲ್ಲ. "ಈ ಸಲ ನಿಮ್ಮ ಅಳತೆಗೇ ಇರಲಿ ಸರ್."