ಡೂಸೆಟ್ ಮೇಷ್ಟ್ರ ಅವಸರದ ಪೆಟ್ಟು

ಇಗರ್ಜಿಯಲ್ಲಿ ಮೌನವನ್ನೂ ಬೀದಿಯಲ್ಲಿ ಕುಣಿತವನ್ನೂ ಬಲ್ಲವರು. ಹಡಗಿನ ನಾಟ್ಯಗೋಷ್ಠಿಯೋ, ಸರ್ಕಸ್ಸಿನ ಡೇರೆಯೋ, ಮದುವೆಯೋ, ಮಸಣವೋ, ಕರೆದಲ್ಲಿಗೆ ಹೋಗಿ ಅಲ್ಲಿಯ ನಡಿಗೆಯನ್ನೇ ತಮ್ಮ ಡ್ರಮ್ಮಿನ ಕೋಲುಗಳಿಗೆ ಕಲಿಸಿದವರು. ಹಾಡುವವರ ಉಸಿರು ಕುಗ್ಗಿದರೆ ತಮ್ಮ ಸದ್ದನ್ನು ಕುಗ್ಗಿಸುವ ಕರುಣಾಳು. ಶಿಷ್ಯರನ್ನು ಬೈದ ದಿನವೇ ಮನೆಗೆ ಕರೆದು ಉಣಬಡಿಸುವವರು. ಭಾನುವಾರದ ಪೂಜೆಯನ್ನು ಎಂದೂ ತಪ್ಪಿಸದವರು, ಪ್ರವಚನ ಉದ್ದವಾದರೆ ಮಾತ್ರ ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಹಾಕುವವರು: ಇಂಥವರು ನ್ಯೂ ಆರ್ಲಿಯನ್ಸಿನ ನಮ್ಮ ಟ್ರೆಮೆ ಕೇರಿಯ ಥಿಯೋಜೀನ್ ಡೂಸೆಟ್. ಜಾಝ್ ಮೇಳಗಳಲ್ಲಿ ಹೆಸರು ಪಡೆದು, ಕಾಲು ನೋಯತೊಡಗಿದಾಗ ಇಗರ್ಜಿಯ ಶಾಲೆಯಲ್ಲಿ ಡ್ರಮ್ಮು ಕಲಿಸುವ ಮೇಷ್ಟ್ರಾದರು.

ಅವರ ಶಿಷ್ಯರಲ್ಲಿ ಕ್ಲೋತಿಲ್ಡ್ ಎಂಬಾಕೆ ಹಗಲೆಲ್ಲ ಹೆಂಗಸರ ಜಡೆ ಹೆಣೆಯುವ ಅಂಗಡಿ ನಡೆಸುವವಳು. ಊಟದಂಗಡಿಯ ಓಡೀಲಜ್ಜಿ ತೀರಿಕೊಂಡಾಗ, ಶವಯಾತ್ರೆಯಲ್ಲಿ ಸಣ್ಣ ಡ್ರಮ್ಮನ್ನು ಇವಳೇ ಬಾರಿಸಲೆಂದು ಮೇಷ್ಟ್ರು ಹಟ ಹಿಡಿದರು. ತುತ್ತೂರಿಯೂದುವ ಮೇಳದ ನಾಯಕ ಹಿಪಾಲಿಟ್ ಗೊಣಗಿದ.

"ಒಂದೇ ಒಂದು ಪೆಟ್ಟು ತಪ್ಲಿ ಮೇಷ್ಟ್ರೇ, ಅವಳಿಗೆ ಮೇಳದಲ್ಲಿ ಜಾಗ ಇಲ್ಲ. ಆಮೇಲೆ ನನ್ನ ಹತ್ರ ಬಂದು ಅಳಬಾರ್ದು."

"ನಿನ್ನ ತುತ್ತೂರಿ ಶೀತ ಹಿಡಿದ ಬಾತುಕೋಳಿ ಥರ ಕೂಗತ್ತೆ. ಅದಕ್ಕೇ ಅಳದೋನು ಇದಕ್ಕೆ ಅಳ್ತೀನೇನೋ?"

ಪದ್ಧತಿ ಹೀಗಿದೆ: ದೇಹವು ಜೊತೆಗಿರುವಷ್ಟು ಹೊತ್ತು ಸಣ್ಣ ಡ್ರಮ್ಮಿನ ತಳದಲ್ಲಿ ಗರಗರ ಎನ್ನುವ ತಂತಿಗಳಿಗೆ ಕರವಸ್ತ್ರ ತುರುಕಿ, ಸದ್ದಿಗೆ ಮುಸುಕು ಹಾಕಿ, ಮೆಲ್ಲನೆ ನಡೆಯಬೇಕು. ಶವದ ಬಂಡಿ ಮೇಳವನ್ನಗಲಿ ಮಸಣದತ್ತ ಹೊರಳಿದ ಮೇಲೆ ಕರವಸ್ತ್ರ ಕಿತ್ತು, ಬಾಳಿದ ಬಾಳಿಗಾಗಿ ಕುಣಿಯಬೇಕು. ಅದಕ್ಕೆ ಮೊದಲೇ ಕುಣಿತದ ಪೆಟ್ಟು ಬಿದ್ದರೆ ಸತ್ತವರನ್ನು ಮನೆಯಿಂದ ಹೊರದಬ್ಬಿದಂತೆ.

ಕೊನೆಯ ವಿದಾಯಕ್ಕೆಂದು ಬಂಡಿ ಓಡೀಲಜ್ಜಿಯ ಅಂಗಡಿಯ ಮುಂದೆ ಬದಿಗೆ ಸರಿದು ನಿಂತಿತು. ದೊಡ್ಡ ಡ್ರಮ್ಮು ಹೊತ್ತಿದ್ದ ಮೇಷ್ಟ್ರಿಗೆ ಯಾತ್ರೆಯ ಜನ ಹಿಡಿದಿದ್ದ ಕೊಡೆಗಳ ಮರೆಯಲ್ಲಿ ಅದು ಕಾಣಲಿಲ್ಲ. ಹೊರಟೇ ಹೋಯಿತೆಂದು ಬಗೆದು, ಢಂ ಢಂ ಎಂದು ಕುಣಿತದ ಪೆಟ್ಟು ಹಾಕಿಯೇಬಿಟ್ಟರು! ತುತ್ತೂರಿಗಳು ಮೇಲೆದ್ದವು. ಅಜ್ಜಿಯ ಮಗಳ ಮುಖ ಬಾಡಿತು.

ಕ್ಲೋತಿಲ್ಡ್ ಕರವಸ್ತ್ರವನ್ನು ಮುಟ್ಟಲಿಲ್ಲ. ಗುರುವಿನ ಪೆಟ್ಟಿನ ಮೊಳಗು ಆರುವ ಮುನ್ನವೇ ಅದರ ಮೇಲೆ ದೀರ್ಘವಾದ ಮಂದನಾದವೊಂದನ್ನು ಹೊದಿಸಿ, ಅದರ ತುದಿಗೆ ಅಂಥದೇ ಎರಡು ಪೆಟ್ಟುಗಳನ್ನು ಮೆತ್ತಗೆ ಇಟ್ಟಳು. ಮುಚ್ಚಿದ ಅಂಗಡಿಯ ಬಾಗಿಲನ್ನು ಯಾರೋ ತಟ್ಟಿ, "ಅಜ್ಜೀ, ಹೋಗ್ಬರ್ತೀಯಾ?" ಎಂದು ಕೇಳಿದಂತಾಯಿತು. ತುತ್ತೂರಿಗಳು ತಗ್ಗಿದವು. ಮಗಳು ಅಳುತ್ತಲೇ ಹೂಂಗುಟ್ಟಿದಳು. ಬಂಡಿ ಹೊರಟುಹೋದ ಮೇಲೆ ಕ್ಲೋತಿಲ್ಡ್ ಮುಸುಕು ತೆಗೆದಳು ನೋಡಿ, ಬೀದಿಗೆ ಬೀದಿಯೇ ಕುಣಿಯಿತು.

ಮೆರವಣಿಗೆ ಮುಗಿದು ಎಲ್ಲರೂ ಕೆಂಪು ಬೀನ್ಸ್ ಕಾಳಿನ ಸಾರು ಅನ್ನ ಉಣ್ಣುವಾಗ ಹಿಪಾಲಿಟ್ ಕೇಳಿದ: "ಆ ಬಾಗಿಲು ತಟ್ಟೋದು ಇಬ್ರೂ ಮೊದ್ಲೇ ಮಾತಾಡ್ಕೊಂಡಿದ್ರಾ?"

ಹೂಂ ಎಂದಿದ್ದರೆ ಮೇಷ್ಟ್ರ ಮಾನ ಉಳಿಯುತ್ತಿತ್ತು.

"ಇಲ್ಲಪ್ಪಾ. ತಪ್ಪಿದ್ದು ನಾನು, ಕಾಪಾಡಿದ್ದು ಇವಳು. ಈಗ ಹೇಳು, ಯಾರನ್ನ ಮನೆಗೆ ಕಳಿಸ್ತೀಯ?"

"ಇಬ್ರೂ ಇರಿ ಮಾರಾಯ್ರೇ. ಆದ್ರೆ ಇನ್ಮೇಲೆ ನೀವು ಅವಳನ್ನ ನೋಡ್ಕೊಂಡು ಬಾರಿಸ್ಬೇಕು."

ಮೇಷ್ಟ್ರು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು.

ಶಿಷ್ಯೆಯ ಗೆಲುವನ್ನು ತಮ್ಮ ಬಾಯಿಂದಲೇ ಸಾರಿದ ಆ ಗುರುವಿಗೆ ದೇವರು ದೀರ್ಘಾಯುಸ್ಸನ್ನು ಕರುಣಿಸಲಿ. ಅವರ ಮಡದಿ ಯೂಲಾಲಿಯ ಒಲೆ ಆರದಿರಲಿ. ಮಕ್ಕಳು ಮೊಮ್ಮಕ್ಕಳಿಂದ ಆ ಮನೆ ತುಂಬಿ ತುಳುಕಲಿ.