ಸಹಿ ಇಲ್ಲದ ನಾಲ್ಕು ಪುಟ

ಬೆಳಗಿನ ಆರೂ ಮುಕ್ಕಾಲು. ಡ್ಯಾನ್ಯೂಬ್ ನದಿಯಿಂದ ಎದ್ದ ಮಂಜು ಕಚೇರಿಯ ಕಿಟಕಿಗಳನ್ನು ಇನ್ನೂ ಬಿಟ್ಟಿಲ್ಲ. ಕಾವಲುಗಾರ ಬಾಗಿಲು ತೆಗೆದ ಕೂಡಲೇ ಝಿವ್ಕಾ ಪೆಂಚೆವಾ ಮೂರನೇ ಮಹಡಿ ಹತ್ತಿ, ಕೋಟು ಬಿಚ್ಚದೆ, ಇನ್ನೊಬ್ಬರ ಮೇಜಿನ ಮುಂದೆ ಕೂರುತ್ತಾರೆ. ಮೇಜಿನ ಒಡೆಯರಾದ ಹಿರಿಯ ಕಾನೂನು ಅಧಿಕಾರಿ ತೋನ್ಚೆವ್ ಬರುವುದು ಒಂಬತ್ತಕ್ಕೆ. ಅಷ್ಟರೊಳಗೆ ಬರೆದಷ್ಟು ಬರಹ. ಆಮೇಲೆ ಫೈಲುಗಳನ್ನು ಎತ್ತಿಕೊಂಡು ಕಾರಿಡಾರಿನ ಕಿಟಕಿಕಟ್ಟೆಗೆ ಹೋಗಬೇಕು. ಇಲ್ಲಿ ಇಂಟರ್ನ್‌ಗಳಿಗೆ ಕುರ್ಚಿ ಇಲ್ಲ.

ಝಿವ್ಕಾ ಅವರಿಗೆ ನಲವತ್ತೇಳು ವರ್ಷ. ಅದರಲ್ಲಿ ಹತ್ತೊಂಬತ್ತು ವರ್ಷ ಹಳ್ಳಿಯ ಶಾಲೆಯೊಂದರಲ್ಲಿ ನರ್ಸ್ ಆಗಿದ್ದರು. ಮಕ್ಕಳ ಸಂಖ್ಯೆ ಹನ್ನೊಂದಕ್ಕೆ ಇಳಿದ ವರ್ಷ ಶಾಲೆ ಮುಚ್ಚಿತು; ತೂಕದ ಯಂತ್ರವಿದ್ದ ಪುಟ್ಟ ಕೋಣೆಗೂ ಬೀಗ ಬಿತ್ತು. ಆಮೇಲೆ ಅವರು ದೂರಶಿಕ್ಷಣದಲ್ಲಿ ಕಾನೂನು ಓದಿದರು. ಈಗ ಆರೋಗ್ಯ ಮತ್ತು ಶಿಕ್ಷಣ ಕಾನೂನಿನ ಅರ್ಜಿಗಳನ್ನು ನೋಡುವ ಈ ಸರ್ಕಾರಿ ಕಚೇರಿಯಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್. ಬರುವ ಶುಕ್ರವಾರ ಅದು ಮುಗಿಯುತ್ತದೆ.

"ನರ್ಸ್ ಕೋಣೆ ಇನ್ನು ಬೇಡ ಅಂತ ಒಂದು ಕಾಗದ ಬಂದಿತ್ತು. ಇಂಥದ್ದನ್ನ ಯಾರಪ್ಪಾ ಬರೀತಾರೆ, ಹೋಗಿ ನೋಡೋಣ ಅನ್ನಿಸ್ತು," ಎನ್ನುತ್ತಾರೆ ಝಿವ್ಕಾ. "ಈಗ ಗೊತ್ತಾಯ್ತು. ನನ್ನಂಥವರೇ."

ದಿನಕ್ಕೆ ಸುಮಾರು ಹದಿನಾಲ್ಕು ಅರ್ಜಿಗಳು ಅವರ ಕೈಗೆ ಬರುತ್ತವೆ. ಅವುಗಳಲ್ಲಿ ಒಂಬತ್ತಕ್ಕೆ ಉತ್ತರ ಒಂದೇ: ಈ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ. ಮೊದಲ ದಿನವೇ ಪ್ರತಿ ಇಂಟರ್ನ್‌ಗೆ ಮಾದರಿ ಪತ್ರಗಳ ಅದೇ ಒಂದು ನೀಲಿ ಫೈಲನ್ನು ಕೊಡುತ್ತಾರೆ. ಅದರ ಮೇಲಿನ ಹಾಳೆಯೇ ಇದು. ಹೆಸರು, ದಿನಾಂಕ ಬದಲಿಸಿದರೆ ಆಯಿತು. ಸಹಿ ತೋನ್ಚೆವ್ ಅವರದು.

ಎರಡನೇ ದಿನ ಝಿವ್ಕಾ ಹಾಗೆ ದಾಟಿಸಿದ ಅರ್ಜಿಗಳಲ್ಲಿ ಏಳು ವರ್ಷದ ರಾಲಿತ್ಸಾಳದೂ ಒಂದು. ಸಕ್ಕರೆ ಕಾಯಿಲೆಯ ಹುಡುಗಿ. ಮಧ್ಯಾಹ್ನ ಶಾಲೆಯಲ್ಲಿ ಇನ್ಸುಲಿನ್ ಬೇಕು. ನರ್ಸ್ ಬರುವುದು ವಾರಕ್ಕೆ ಎರಡೇ ದಿನ. ಶಾಲೆಯ ಗೇಟಿನೊಳಗಿನದೆಲ್ಲ ಶಿಕ್ಷಣದ್ದು ಎನ್ನುತ್ತದೆ ಆರೋಗ್ಯ ಇಲಾಖೆ. ಸೂಜಿ ಅಂದ ಮೇಲೆ ಆರೋಗ್ಯದ್ದು ಎನ್ನುತ್ತದೆ ಶಿಕ್ಷಣ ಇಲಾಖೆ. ತಾಯಿ ಸೆವ್ದಾ ಹೊಲಿಗೆ ಕಾರ್ಖಾನೆಯ ಕೆಲಸ ಬಿಟ್ಟು ಶಾಲೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಾರೆ.

ಮೂವತ್ತೆಂಟನೇ ದಿನ ಆ ಫೈಲು ತಿರುಗಿ ಬಂತು. ಮೇಲೆ ಝಿವ್ಕಾ ಬರೆದ ಪತ್ರ. ಅದರ ಕೆಳಗೆ ಹಿಂದಿನ ಇಬ್ಬರು ಇಂಟರ್ನ್‌ಗಳ ಪತ್ರಗಳು. ಮೂರರಲ್ಲೂ ಅದೇ ಮಾತು. ಇಂಟರ್ನ್‌ಗಳು ಮೂರು ತಿಂಗಳಿಗೆ ಹೋಗುತ್ತಾರೆ, ಫೈಲು ಸುತ್ತುತ್ತಲೇ ಇರುತ್ತದೆ. ಅದು ಮೊದಲೂ ಬಂದಿತ್ತೆಂದು ನೆನಪಿಡುವವರಿಲ್ಲ.

"ಹತ್ತೊಂಬತ್ತು ವರ್ಷ ಇದೇ ಸೂಜಿ ಚುಚ್ಚಿದವಳು ನಾನು," ಎನ್ನುತ್ತಾರೆ. "ನಾನೂ ಅಡಿಯಲ್ಲೇನಿದೆ ಅಂತ ತಿರುವಿ ನೋಡಿರಲಿಲ್ಲ."

ಅಂದಿನಿಂದ ಬೆಳಗಿನ ಆ ಎರಡು ಗಂಟೆಗಳಲ್ಲಿ ಅವರು ಬರೆದದ್ದು ನಾಲ್ಕು ಪುಟದ ಅಭಿಪ್ರಾಯ. ಎರಡೂ ಕಾನೂನುಗಳನ್ನು ಪಕ್ಕಪಕ್ಕ ಇಟ್ಟು, ಎರಡೂ ಇಲಾಖೆಗಳನ್ನು ಒಂದೇ ಮೇಜಿಗೆ ಕರೆದು ತೀರ್ಮಾನ ಮಾಡಿಸುವುದು ಈ ಕಚೇರಿಯದೇ ಹೊಣೆ ಎಂದು ತೋರಿಸಿದ್ದಾರೆ. ಮಗುವಿನ ವಯಸ್ಸು, ಊಟದ ವೇಳೆ, ಹತ್ತಿರದ ಆಸ್ಪತ್ರೆಗಿರುವ ಇಪ್ಪತ್ತಮೂರು ಕಿಲೋಮೀಟರ್, ಎಲ್ಲವೂ ಅದರಲ್ಲಿದೆ. ಸಹಿ ಮಾತ್ರ ಇಲ್ಲ. ಇಂಟರ್ನ್‌ಗೆ ಆ ಹಕ್ಕಿಲ್ಲ.

ಬುಧವಾರ ಸೆವ್ದಾ ಕಾರಿಡಾರಿಗೆ ಬರುತ್ತಾರೆ. "ಸಿಸ್ಟರ್, ನನ್ನ ಕಾಗದ ಎಲ್ಲಿದೆ?"

"ಇಲ್ಲೇ ಇದೆಯಮ್ಮಾ, ನಮ್ಮ ಹತ್ರಾನೇ."

"ಮೊದಲ್ನೇ ಸಲಾನೂ ಇಲ್ಲೇ ಇತ್ತಲ್ಲ!"

ಝಿವ್ಕಾ ಫೈಲುಗಳನ್ನು ಸರಿಸಿ, ಕಿಟಕಿಕಟ್ಟೆಯ ಮೇಲೆ ಸೆವ್ದಾಗೆ ಜಾಗ ಮಾಡಿಕೊಡುತ್ತಾರೆ. ಸಕ್ಕರೆ ನೋಡಲು ಚುಚ್ಚಿ ಚುಚ್ಚಿ ಮಗುವಿನ ಬೆರಳ ತುದಿಗಳು ಗಟ್ಟಿಯಾಗಿವೆಯೇ, ದಿನಕ್ಕೊಂದು ಬೆರಳು ಬದಲಿಸುತ್ತಿದ್ದೀರಾ ಎಂದು ಕೇಳುತ್ತಾರೆ. ಅಷ್ಟು ಕೇಳಲು ಯಾರ ಸಹಿಯೂ ಬೇಕಿಲ್ಲ.

ಶುಕ್ರವಾರ. ಕೆಲಸ ಬಿಡುವವರು ಸಿಹಿ ಹಂಚಬೇಕು. ಝಿವ್ಕಾ ಚಾಕೊಲೇಟ್ ಡಬ್ಬಿ ಹಿಡಿದು ಕೋಣೆ ಕೋಣೆಗೆ ಹೋಗುತ್ತಾರೆ. ತೋನ್ಚೆವ್ ಎರಡು ತೆಗೆದುಕೊಳ್ಳುತ್ತಾರೆ.

"ಒಳ್ಳೆ ವಕೀಲರಾಗ್ತೀರಿ ಸಿಸ್ಟರ್. ಸ್ವಲ್ಪ ಕಡಿಮೆ ಬರೀರಿ ಅಷ್ಟೆ."

"ಆ ನಾಲ್ಕು ಪುಟ, ಸಾರ್?"

"ಇದಕ್ಕೆ ಸಹಿ ಹಾಕಿದ್ರೆ ನಾಳೆ ಜಿಲ್ಲೆಯ ತಾಯಂದಿರೆಲ್ಲ ಈ ಮೆಟ್ಟಿಲ ಮೇಲಿರ್ತಾರೆ. ನಿವೃತ್ತಿಗೆ ಎರಡು ವರ್ಷ ಇದೆ ನನಗೆ. ನೋಡೋಣ." ಪುಟಗಳು ಡ್ರಾಯರಿನೊಳಗೆ ಹೋಗುತ್ತವೆ.

"ಹಾಗಾದ್ರೆ ಒಂದು ಪ್ರತಿ ಮಾದರಿ ಫೈಲಲ್ಲಿ ಇಡಲಾ?"

"ಇಡಿ, ಇಡಿ. ಯಾರು ಓದ್ತಾರೆ ಅದನ್ನ?" ಎಂದು ಅವರು ನಗುತ್ತಾರೆ.

ಓದುವವರು ಯಾರೆಂದು ಝಿವ್ಕಾಗೆ ಗೊತ್ತು. ಸೋಮವಾರ ಹೊಸ ಇಂಟರ್ನ್ ಬರುತ್ತಾರೆ. ಮೊದಲು ಅವರ ಕೈ ಸೇರುವುದೇ ಆ ನೀಲಿ ಫೈಲು. ಝಿವ್ಕಾ ಕಿಟಕಿಕಟ್ಟೆಯ ಮೇಲೆ ಅದನ್ನು ಬಿಚ್ಚಿ, ಒಂದು ಪುಟದ ಹಳೆಯ ಪತ್ರವನ್ನು ಕೆಳಗೆ ಸರಿಸಿ, ತಮ್ಮ ನಾಲ್ಕು ಪುಟಗಳ ಪ್ರತಿಯನ್ನು ಎಲ್ಲಕ್ಕಿಂತ ಮೇಲೆ ಇಡುತ್ತಾರೆ. ಹೊರಗೆ ಮಂಜು ಮತ್ತೆ ಇಳಿಯುತ್ತಿದೆ.

"ಅದರಲ್ಲಿ ನನ್ನ ಹೆಸರಿಲ್ಲ, ಇರೋದೂ ಬೇಡ," ಎನ್ನುತ್ತಾ ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. "ಮುಂದೆ ಬರೋರು ಒಂದು ಸಲ ತಿರುವಿ ನೋಡಿದ್ರೆ ಸಾಕು. ಒಂದೇ ತಪ್ಪಿದೆ ನೋಡಿ. ಮಗುಗೆ ಏಳು ವರ್ಷ ಅಂತ ಬರ್ದಿದೀನಿ. ಅವಳ ಫೈಲು ಮತ್ತೆ ಸುತ್ತಿ ಬಂದು ಅವರು ಓದೋ ಹೊತ್ತಿಗೆ ಎಂಟಾಗಿರುತ್ತೆ."