ಕರಿನವಣೆಯ ಕೊನೆಯ ಬುರುಡೆ

ಮೊನ್ನೆ ಬೀರುವಿನ ಬಟ್ಟೆಗಳ ನಡುವೆ ಇಟ್ಟಿದ್ದ ಒಣ ಬೇವಿನೆಲೆಯ ವಾಸನೆ ಮೂಗಿಗೆ ಬಡಿದು, ದೇವಸಮುದ್ರದ ನಮ್ಮ ಮಾಳಿಗೆ ಮನೆ ಒಮ್ಮೆಲೇ ಕಣ್ಣೆದುರು ಬಂತು. ಬೀಜ ಕಾಯುವ ಅಜ್ಜಿಯೊಬ್ಬಳು ನಿಮ್ಮ ಮನೆಯಲ್ಲೂ ಇದ್ದಿದ್ದರೆ ಆ ವಾಸನೆ ನಿಮಗೂ ಗೊತ್ತು. ಅಡುಗೆಮನೆಯ ತೊಲೆಯಿಂದ ಒಂದು ಒಣ ಸೋರೆ ಬುರುಡೆ ತೂಗುತ್ತಿತ್ತು. ಅದರ ತುಂಬ ಬೇವಿನೆಲೆ ಮತ್ತು ಬೂದಿ ಬೆರೆಸಿದ ಕರಿನವಣೆಯ ಬೀಜ. ಊರೆಲ್ಲ ಶೇಂಗಾ ಬಿತ್ತುತ್ತಿದ್ದ ಆ ವರ್ಷಗಳಲ್ಲೂ ಅಜ್ಜಿ ಮಾತ್ರ ನಮ್ಮ ಹೊಲದಲ್ಲಿ ನಾಲ್ಕು ಸಾಲು ನವಣೆ ಬಿಡದೆ ಹಾಕಿಸುತ್ತಿದ್ದಳು. ಉಣ್ಣುವವರು ಯಾರಿದ್ದರು? ನನಗಂತೂ ಬಿಳಿ ಅನ್ನದ ಹುಚ್ಚು. ಒಮ್ಮೆ ತಟ್ಟೆ ಸರಿಸಿ, "ಇದನ್ನ ಕೋಳಿಗೆ ಹಾಕಜ್ಜಿ" ಅಂದುಬಿಟ್ಟೆ. ಅಜ್ಜಿ ಬೈಯಲಿಲ್ಲ. ಆ ತಟ್ಟೆಯನ್ನು ತಾನೇ ಎಳೆದುಕೊಂಡು ಉಂಡಳು.

ನನಗೆ ಹನ್ನೊಂದು ವರ್ಷವಿದ್ದಾಗ ಬೆಳೆಯನ್ನು ಗುಬ್ಬಿಗಳು ತಿಂದು, ಉಳಿದದ್ದು ಆ ಬುರುಡೆಗಷ್ಟೇ ಸಾಕಾಯಿತು. ಅದೇ ಬೇಸಿಗೆಯಲ್ಲಿ ಚಳ್ಳಕೆರೆಯಿಂದ ಬಸ್ಸಿನಲ್ಲಿ ಒಬ್ಬ ಮೇಷ್ಟ್ರು ಬಂದರು.

"ಸಕ್ಕರೆ ಕಾಯಿಲೆ ಐತಮ್ಮ. ಡಾಕ್ಟ್ರು ನವಣೆ ಉಣ್ಣಾಕೆ ಹೇಳವ್ರೆ. ಪ್ಯಾಟೇಲಿ ಎಲ್ಲೂ ಸಿಗವಲ್ದು. ನಿಮ್ಮನೇಲಿ ಐತಂತೆ."

ಎಷ್ಟೋ ವರ್ಷಗಳ ಮೇಲೆ ಒಬ್ಬರು ಅಜ್ಜಿಯ ನವಣೆ ಕೇಳಿಕೊಂಡು ಬಂದಿದ್ದರು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆ ನೋಡಲಿಲ್ಲ. ಬುರುಡೆ ಇಳಿಸಿ, ಮೊರ ಹಿಡಿದು ಅಂಗಳದಲ್ಲಿ ಕೂತಳು. ನಮ್ಮಲ್ಲಿ ಬೀಜದ ಬೂದಿ ಕೇರುತ್ತಿದ್ದದ್ದು ಬಿತ್ತನೆಯ ದಿನ ಮಾತ್ರ. ಅಂದು ಬಿತ್ತನೆಗೆ ಇನ್ನೂ ಎರಡು ತಿಂಗಳಿತ್ತು. ಬೂದಿ ಗಾಳಿಗೆ ಹಾರುತ್ತಿತ್ತು, ಅವಳು ಒಂದು ಹಿಡಿಯನ್ನೂ ಉಳಿಸಿಕೊಳ್ಳದೆ ಮೇಷ್ಟ್ರ ಚೀಲಕ್ಕೆ ಸುರಿದಳು. ಮುಂಗಾರಿಗೆ ಯಾರ ಬಳಿಯಾದರೂ ಬೀಜ ಇಸಗೊಂಡರಾಯಿತು ಅಂತ ಅವಳ ಲೆಕ್ಕ.

ಮಳೆ ಬಿದ್ದ ಮೇಲೆ ರಾಂಪುರದವರೆಗೂ ಹೋಗಿ ಬಂದಳು. ಕುರಿ ಹಟ್ಟಿಗಳಲ್ಲೂ ಕೇಳಿದಳು. ಯಾರಲ್ಲೂ ಇರಲಿಲ್ಲ. ಆ ನಾಲ್ಕು ಸಾಲಿಗೆ ಶೇಂಗಾ ಹಾಕಲು ಅಪ್ಪ ಹೋದಾಗ, "ಅದನ್ನ ಹಂಗೇ ಬಿಡು" ಅಂದಳು.

ಮರುವರ್ಷ ಮೇಷ್ಟ್ರು ದೊಡ್ಡ ಚೀಲ ಹಿಡಿದು ಮತ್ತೆ ಬಂದರು. "ನಮ್ಮ ಬೀದಿಯವ್ರೂ ಕೇಳ್ತಾವ್ರೆ, ಎಷ್ಟಿದ್ರೂ ಕೊಡ್ರಮ್ಮ."

"ನೀವು ಒಯ್ದಿದ್ದೇ ಬೀಜ ಕಣಪ್ಪ."

ಅವರು ಚೀಲ ಮಡಚಿಕೊಂಡು ಕಟ್ಟೆಯ ಮೇಲೆ ಕೂತರು. "ಒಂದ್ ಮಾತು ಹೇಳ್ಬಾರ್ದಿತ್ತಾ?"

"ಉಣ್ಣಾಕೆ ಕೇಳ್ದೋರಿಗೆ ಹೆಂಗ್ ಹೇಳ್ಲಿ?"

ಈಗ ಅಜ್ಜಿ ಇಲ್ಲ, ಆ ಮನೆಯೂ ಇಲ್ಲ. ಅಂಗಡಿಗಳಲ್ಲಿ ನವಣೆಯ ಪೊಟ್ಟಣಗಳು ಸಾಲಾಗಿ ಕೂತಿವೆ, ಎಲ್ಲವೂ ಹಳದಿ. ಅಂದು ಅಂಗಳದಲ್ಲಿ ಅವಳ ಪಕ್ಕದಲ್ಲೇ ನಾನಿದ್ದೆ. ಅದು ಕೊನೆಯ ಬೀಜವೆಂದು ನನಗೆ ಗೊತ್ತಿತ್ತು. ಇನ್ನು ನವಣೆ ಉಣ್ಣುವುದು ತಪ್ಪಿತಲ್ಲ ಅಂತ ಖುಷಿಯಿಂದ, ಚೀಲದ ಬಾಯಿ ಅಗಲಿಸಿ ಹಿಡಿದವಳು ನಾನೇ.